ಒಡೆದು ಬೆಳೆದ ಗುಂಪುಗಳು

ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಸಂಸ್ಥೆಯ ಚರಿತ್ರೆಯನ್ನು ಎಲ್ಲರೂ 1935ರ ಜೂನ್‌ನಿಂದ ಶುರುಮಾಡುತ್ತಾರೆ. ಅಮೆರಿಕದ ಆಕ್ರನ್ ನಗರದಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಮತ್ತು ಸ್ಥಳೀಯ ಶಸ್ತ್ರವೈದ್ಯ ಬಾಬ್ ಸ್ಮಿತ್ ಪರಸ್ಪರ ಆಸರೆಯಾಗಿ ಕುಡಿತದಿಂದ ದೂರ ಉಳಿದ ಕಥೆ ಅದು. ಆದರೆ ತನಗೆ ಒಗ್ಗುವ ಸಭೆಯನ್ನು ಹುಡುಕುತ್ತಿರುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಆಮೇಲಿನ ಒಡಕುಗಳ ಕಥೆ. ಮೊದಮೊದಲು ಈ ಜನ ಸೇರುತ್ತಿದ್ದದ್ದು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದ ನೆರಳಿನಲ್ಲಿ. 1937ರಲ್ಲಿ ನ್ಯೂಯಾರ್ಕಿನವರು ಅಲ್ಲಿಂದ ಹೊರಬಂದರು. 1939ರ ಮೇ ತಿಂಗಳಲ್ಲಿ ಕ್ಲೀವ್‌ಲ್ಯಾಂಡಿನವರು ಬೇರೆಯಾದರು. ಅವರಲ್ಲಿದ್ದ ಕ್ಯಾಥೊಲಿಕರಿಗೆ ಆ ಬಳಗದ ಸಭೆಗಳಲ್ಲಿ ಕೂರುವುದು ತಮ್ಮ ಚರ್ಚಿನ ಕಟ್ಟಳೆಗೆ ವಿರುದ್ಧವಾಗಿತ್ತು. ಅದೇ ವರ್ಷ ಅಚ್ಚಾದ ಸಂಸ್ಥೆಯ ಪುಸ್ತಕದಲ್ಲಿ ದೇವರನ್ನು ಅವರವರು ತಿಳಿದ ಹಾಗೆ ಗ್ರಹಿಸಬಹುದೆಂಬ ಸಡಿಲಿಕೆ ಬಂದದ್ದರ ಹಿಂದೆ ನಂಬಿಕೆಯಿಲ್ಲದ ಸದಸ್ಯರ ಹಟವಿತ್ತು. 1945ರಲ್ಲಿ ವಾಷಿಂಗ್ಟನ್ನಿನಲ್ಲಿ ಕಪ್ಪು ಜನರ ಮೊದಲ ಗುಂಪುಗಳಲ್ಲೊಂದು ಹುಟ್ಟಿತು. ಇದನ್ನು ಆಯ್ಕೆ ಎನ್ನುವುದಕ್ಕಿಂತ ಬಿಳಿಯರ ಬಾಗಿಲು ತೆರೆಯದೆ ಬಂದ ಅನಿವಾರ್ಯವೆನ್ನುವುದೇ ಸರಿ. ಒಡಕೆಲ್ಲ ಸುಂದರವೆಂದು ನಟಿಸಬೇಕಾಗಿಲ್ಲ. 1975ರಲ್ಲಿ ಷಿಕಾಗೋದಲ್ಲಿ ನಾಸ್ತಿಕರೂ ಸಂದೇಹವಾದಿಗಳೂ ತಮ್ಮದೇ ಸಭೆ ಆರಂಭಿಸಿದರು.

ಅಂದರೆ, ಈ ಸಭೆ ನನಗೆ ಹೊಂದುತ್ತಿಲ್ಲ ಎಂಬ ಮಾತು ಸಂಸ್ಥೆಯಷ್ಟೇ ಹಳೆಯದು. ಹಿರಿಯರು ಅದಕ್ಕೆ ಕಿವಿಗೊಟ್ಟಿದ್ದಾರೆ ಕೂಡ. 1940ರ ದಶಕದಲ್ಲಿ ಪ್ರತಿ ಗುಂಪೂ ಯಾರನ್ನು ಸೇರಿಸಬೇಕು, ಯಾರನ್ನು ಕೂಡದು ಎಂದು ತನ್ನದೇ ನಿಯಮ ಮಾಡಿಕೊಂಡಿತ್ತು. ಅವನ್ನೆಲ್ಲ ಕಲೆಹಾಕಿ ನೋಡಿದಾಗ, ಒಟ್ಟಿಗೆ ಜಾರಿಗೆ ತಂದರೆ ಒಬ್ಬರೂ ಸದಸ್ಯರಾಗಲು ಸಾಧ್ಯವಿಲ್ಲ ಎಂದು ಗೊತ್ತಾಯಿತು. 1946ರಲ್ಲಿ ಪ್ರಕಟವಾಗಿ 1950ರಲ್ಲಿ ಅಂಗೀಕಾರವಾದ, ಹನ್ನೆರಡು ಸಂಪ್ರದಾಯಗಳೆಂಬ ಸಂಸ್ಥೆಯ ಸೂತ್ರಗಳಲ್ಲಿ ಮೂರನೆಯದು ಸದಸ್ಯತ್ವಕ್ಕೆ ಕುಡಿತ ಬಿಡುವ ಆಸೆಯೊಂದೇ ಸಾಕೆಂದಿತು; ನಾಲ್ಕನೆಯದು ಪ್ರತಿ ಗುಂಪಿಗೂ ಸ್ವಾಯತ್ತತೆ ಕೊಟ್ಟಿತು. ಎರಡು ಸಭೆಗಳು ಒಂದೇ ಥರ ಇರದಿರುವುದು ಇದರ ಫಲವೇ.

ತನಗೆ ಒಗ್ಗುವ ಸಭೆಯನ್ನೇ ಹುಡುಕಬೇಕೆಂಬುದಕ್ಕೆ ಬಲವಾದ ಆಕ್ಷೇಪವೊಂದಿದೆ. ವ್ಯಕ್ತಿಗೆ ತಕ್ಕ ಚಿಕಿತ್ಸೆ ಎಂಬ ಊಹೆಯನ್ನು ಅಮೆರಿಕದ ಪ್ರಾಜೆಕ್ಟ್ ಮ್ಯಾಚ್ ಅಧ್ಯಯನ 1,726 ಜನರ ಮೇಲೆ ಪರೀಕ್ಷಿಸಿತು. 1997ರಲ್ಲಿ ಬಂದ ಫಲಿತಾಂಶ ನಿರಾಶೆಯದು: ಮೂರು ಬಗೆಯ ಚಿಕಿತ್ಸೆಗಳೂ ಹೆಚ್ಚುಕಡಿಮೆ ಸಮನಾದವು, ಸ್ವಭಾವ ನೋಡಿ ಜೋಡಿಸಿದರೆ ಲಾಭ ಎಂಬುದು ಬಹುಮಟ್ಟಿಗೆ ಸುಳ್ಳಾಯಿತು. ಹಾಗಿದ್ದರೆ ಯಾವ ಸಭೆಯಾದರೇನು? ಆದರೆ ಅದೇ ಅಧ್ಯಯನದಲ್ಲಿ ಉಳಿದ ಒಂದು ಎಳೆ ನನಗೆ ಮುಖ್ಯವಾಗಿ ಕಾಣುತ್ತದೆ. ಕುಡಿಯುವ ಸ್ನೇಹಿತರ ನಡುವೆಯೇ ಬದುಕುತ್ತಿದ್ದವರಲ್ಲಿ, ಆ ಮೂರರ ಪೈಕಿ ಎ.ಎ. ಕಡೆಗೆ ಕಳಿಸುವ ಚಿಕಿತ್ಸೆ ಪಡೆದವರು ಮೂರು ವರ್ಷಗಳ ಮೇಲೆ, ಪ್ರೇರಣೆ ಹೆಚ್ಚಿಸುವ ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿದ್ದರು. ವೈದ್ಯಕೀಯ ಸಾಕ್ಷ್ಯಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ಪರಿಶೀಲನೆ 27 ಅಧ್ಯಯನಗಳನ್ನು ನೋಡಿ, ಇಂಥ ಚಿಕಿತ್ಸೆ ಪೂರ್ತಿ ಮದ್ಯ ಬಿಟ್ಟಿರುವ ವಿಷಯದಲ್ಲಿ ಇತರ ಮನೋಚಿಕಿತ್ಸೆಗಳಿಗಿಂತ ಮುಂದಿದೆ ಎಂದಿತು. ಸಭೆ ಮಾಡುವ ಕೆಲಸದ ಬಹುಪಾಲು ಸಹವಾಸ ಬದಲಿಸುವುದು ಎಂಬ ತೀರ್ಮಾನಕ್ಕೆ ನಾನು ಬರುವುದು ಇದರಿಂದ. ಹಾಗಾಗಿ ತತ್ವಕ್ಕಿಂತ ಮೊದಲು ನೋಡಬೇಕಾದದ್ದು ಅಲ್ಲಿ ಕೂತ ಜನರನ್ನು: ಬಿಟ್ಟು ವರ್ಷಗಳಾದವರು ಇದ್ದಾರೆಯೇ, ಸಭೆ ಮುಗಿದ ಮೇಲೆ ಹೊಸಬರನ್ನು ಮಾತಾಡಿಸುತ್ತಾರೆಯೇ, ಹೆಂಗಸರು ನಿರ್ಭಯವಾಗಿ ಕೂರಬಹುದೇ, ಕೈ ಬಾಟಲಿಗೆ ಹೋಗುವ ಸಂಜೆಯ ಹೊತ್ತಿಗೇ ಸಭೆ ನಡೆಯುತ್ತದೆಯೇ.

ಹೀಗೆ ಆರಿಸಲು ಬಿಟ್ಟರೆ ಕುಡುಕ ತನ್ನನ್ನು ಪ್ರಶ್ನಿಸದ ಸಭೆಯನ್ನೇ ಆರಿಸುತ್ತಾನೆ, ಅಥವಾ ಎಲ್ಲದರಲ್ಲೂ ಹುಳುಕು ಹುಡುಕಿ ಮನೆಗೆ ಬರುತ್ತಾನೆ ಎಂದು ಅನುಭವಸ್ಥರು ಹೇಳುವುದು ಸುಳ್ಳಲ್ಲ. ಆದರೆ ಹುಡುಕಾಟ ನಡೆದಷ್ಟು ದಿನವೂ ಸಭೆಗೆ ಹೋಗುತ್ತಲೇ ಇದ್ದರೆ ಆ ನೆಪಕ್ಕೆ ಜಾಗವಿರುವುದಿಲ್ಲ. ಒಗ್ಗದ ಮೊದಲ ಸಭೆಯಲ್ಲೇ ಹಿಡಿದು ಕೂರಿಸಿದವರು ಹೆಚ್ಚಾಗಿ ಎರಡನೆಯದಕ್ಕೂ ಹೋಗುವುದಿಲ್ಲ. ಒಂದು ಎಚ್ಚರ ಮಾತ್ರ ಬೇಕು: ವರ್ಷಗಟ್ಟಲೆ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಅಂಥವರಿಗೆ ಮೊದಲು ವೈದ್ಯರು, ಆಮೇಲೆ ಸಭೆ.

ಆಯ್ಕೆಯೆಂಬುದು ನಗರದವರ ಭಾಗ್ಯ ಎನ್ನಬಹುದು. ಬೆಂಗಳೂರಿನಲ್ಲಿ ಇಂಗ್ಲಿಷ್, ಕನ್ನಡ, ತಮಿಳು ಸಭೆಗಳಿವೆ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವೂ ಅಲ್ಲೇ ಇದೆ. ಹಳ್ಳಿಗಳ ಮಟ್ಟಿಗೆ ಧರ್ಮಸ್ಥಳದ ಆಶ್ರಯದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಬೇರೆ ದಾರಿ ಹಿಡಿದಿವೆ. ಅನಾಮಿಕತೆಗೆ ಬದಲು ಊರೆಲ್ಲರ ಕಣ್ಣೆದುರೇ ಬಿಡಿಸುವುದು, ಆಮೇಲೆ ಶಿಬಿರದಿಂದ ಬಂದವರನ್ನು ನವಜೀವನ ಸಮಿತಿಗಳಲ್ಲಿ ಒಟ್ಟಿಗಿಡುವುದು ಅದರ ಕ್ರಮ. ಗುಟ್ಟು ಉಳಿಯದ ಸಣ್ಣ ಊರಿಗೆ ಅದೇ ಹೆಚ್ಚು ಒಪ್ಪಬಹುದು. ಹೆಸರು ಹೊರಬಿದ್ದರೆ ಕೆಲಸವೋ ಮದುವೆಯೋ ಕೆಡುತ್ತದೆಂದು ಹೆದರುವವರಿಗೆ, ಅದರಲ್ಲೂ ಹೆಂಗಸರಿಗೆ, ಒಪ್ಪದೆ ಹೋಗಬಹುದು. ಅಂಥವರಿಗೆ ಮೊಬೈಲಿನಲ್ಲಿ ನಡೆಯುವ ಆನ್‌ಲೈನ್ ಸಭೆ ಈಗ ಕೈಗೆಟಕುತ್ತದೆ. ಯಾವುದೂ ಇಲ್ಲದ ಕಡೆಗೂ ಮೂರನೆಯ ಸಂಪ್ರದಾಯದ ವಿಸ್ತೃತ ಪಾಠ ಒಂದು ಅನುಕೂಲ ಮಾಡಿಕೊಟ್ಟಿದೆ: ಕುಡಿತ ಬಿಡಲೆಂದು ಇಬ್ಬರು ಮೂವರು ಕೂಡಿದರೆ ಅದೇ ಒಂದು ಎ.ಎ. ಗುಂಪು, ಯಾರ ಅಪ್ಪಣೆಯೂ ಬೇಕಿಲ್ಲ. 1957ರಲ್ಲಿ ದೆಹಲಿಗೆ ಬಂದಿದ್ದ ಕೆನಡಾದ ಸದಸ್ಯರೊಬ್ಬರು ತನ್ನಂಥವರನ್ನು ಹುಡುಕಿಕೊಂಡು ಹೊರಟದ್ದರಿಂದಲೇ ಭಾರತದ ಗುಂಪುಗಳು ಶುರುವಾದದ್ದು.