ಗ್ವಾನೀನ್ ಮತ್ತು ನಾನು ಉತ್ತರಿಸದೆ ಉಳಿಸಿದ ಪ್ರಶ್ನೆ



ಹಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯಲ್ಲಿ ಡಿ.ಎನ್.ಎ. ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ಗ್ವಾನೀನ್ ಮತ್ತು ಸೈಟೋಸೀನ್‌ಗಳ ನಡುವೆ ಮೂರು ಗೆರೆಗಳನ್ನು ಎಳೆದಿದ್ದೆ. ವಿದ್ಯಾರ್ಥಿನಿಯೊಬ್ಬಳು ಗ್ರಂಥಾಲಯದ ಹಳೆಯ ಪುಸ್ತಕವೊಂದನ್ನು ತಂದು ತೋರಿಸಿದಳು. ಅದರಲ್ಲಿ ಎರಡೇ ಗೆರೆಗಳಿದ್ದವು. "ಯಾವುದು ಸರಿ, ಸಾರ್?" ಎಂದಳು. "ಪರೀಕ್ಷೆಯಲ್ಲಿ ಮೂರು ಎಂದೇ ಬರೆ" ಎಂದು ಹೇಳಿ ಕುಳ್ಳಿರಿಸಿದೆ. ನಿವೃತ್ತಿಯ ನಂತರದ ಓದು ನನ್ನ ತಪ್ಪನ್ನು ತೋರಿಸಿಕೊಟ್ಟಿತು.

ಗ್ವಾನೀನ್ ಎಂಬ ಹೆಸರು ಬಂದದ್ದು 'ಗ್ವಾನೋ'ದಿಂದ. ಪೆರು ದೇಶದ ಕರಾವಳಿಯಿಂದ ಯೂರೋಪಿಗೆ ಹಡಗುಗಳಲ್ಲಿ ಗೊಬ್ಬರವಾಗಿ ಸಾಗುತ್ತಿದ್ದ ಕಡಲಹಕ್ಕಿಗಳ ಹಿಕ್ಕೆಯೇ ಗ್ವಾನೋ. 1844ರಲ್ಲಿ ಜರ್ಮನಿಯ ಉಂಗರ್ ಎಂಬ ರಸಾಯನಶಾಸ್ತ್ರಜ್ಞ ಅದರಿಂದ ಈ ವಸ್ತುವನ್ನು ಬೇರ್ಪಡಿಸಿದನು. ಇದರ ಒಂದು ಅಣುವಿನಲ್ಲಿ ಇಂಗಾಲ, ಜಲಜನಕ, ಸಾರಜನಕಗಳ ಐದೈದು ಪರಮಾಣುಗಳೂ ಆಮ್ಲಜನಕದ ಒಂದು ಪರಮಾಣುವೂ ಇವೆ. ಮೀನಿನ ಮೈಯ ಬೆಳ್ಳಿಹೊಳಪಿಗೂ ಇದರ ಹರಳುಗಳೇ ಕಾರಣ.

1953ರ ಆರಂಭದಲ್ಲಿ ಕೇಂಬ್ರಿಡ್ಜ್‌ನಲ್ಲಿ ಜೇಮ್ಸ್ ವಾಟ್ಸನ್ ಡಿ.ಎನ್.ಎ.ಯ ಪ್ರತ್ಯಾಮ್ಲಗಳನ್ನು ಜೋಡಿಸಲು ಹೆಣಗುತ್ತಿದ್ದರು. ಅವರ ಬಳಿಯಿದ್ದ ಪಠ್ಯಪುಸ್ತಕಗಳು ಗ್ವಾನೀನ್‌ನ ಒಂದು ಜಲಜನಕವನ್ನು ಆಮ್ಲಜನಕಕ್ಕೆ ಅಂಟಿಸಿ ಚಿತ್ರಿಸಿದ್ದವು. ಅದೇ ಕೊಠಡಿಯಲ್ಲಿದ್ದ ಜೆರ್ರಿ ಡೊನೊಹ್ಯೂ, ಪುಸ್ತಕದ ಚಿತ್ರವೇ ತಪ್ಪು, ಆ ಜಲಜನಕ ಇರಬೇಕಾದದ್ದು ಸಾರಜನಕದ ಮೇಲೆ ಎಂದರು. ವಾಟ್ಸನ್ ರಟ್ಟಿನ ಆಕೃತಿಗಳನ್ನು ತಿದ್ದಿ ಕತ್ತರಿಸಿದರು. ಫೆಬ್ರವರಿ 28ರಂದು ಅಡೆನೀನ್-ಥೈಮೀನ್ ಜೋಡಿಯೂ ಗ್ವಾನೀನ್-ಸೈಟೋಸೀನ್ ಜೋಡಿಯೂ ಒಂದೇ ಅಳತೆಗೆ ಕೂಡಿಕೊಂಡವು. ಪ್ರತಿ ಜೋಡಿಯ ಎರಡು ಪ್ರತ್ಯಾಮ್ಲಗಳ ಪ್ರಮಾಣ ಸಮವಾಗಿರುತ್ತದೆಂದು ಶಾರ್ಗಾಫ್ ಕಂಡುಕೊಂಡಿದ್ದುದಕ್ಕೆ ಕಾರಣ ದೊರೆಯಿತು. ಒಂದು ಎಳೆಯನ್ನು ನೋಡಿ ಮತ್ತೊಂದನ್ನು ರಚಿಸಬಹುದೆಂಬ ವಂಶವಾಹಿಯ ಗುಟ್ಟೂ ಬಿಟ್ಟಿತು.

ಆದರೆ ವಾಟ್ಸನ್ ಮತ್ತು ಕ್ರಿಕ್ ಗ್ವಾನೀನ್-ಸೈಟೋಸೀನ್ ನಡುವೆ ಎರಡೇ ಜಲಜನಕ ಬಂಧಗಳನ್ನು ಗುರುತಿಸಿದ್ದರು. ಮೂರನೆಯದೂ ಇದೆಯೆಂದು ಪಾಲಿಂಗ್ ಮತ್ತು ಕೋರಿ 1956ರಲ್ಲಿ ತೋರಿಸಿಕೊಟ್ಟರು. ಈ ಜೋಡಿಗಳು ಹೆಚ್ಚಾಗಿರುವ ಡಿ.ಎನ್.ಎ.ಯ ಎಳೆಗಳನ್ನು ಬಿಡಿಸಲು ಹೆಚ್ಚು ಶಾಖ ಬೇಕಾಗುತ್ತದೆ.

ಆ ಹಳೆಯ ಪುಸ್ತಕದಲ್ಲಿದ್ದುದು ಅಚ್ಚಿನ ದೋಷವಲ್ಲ, 1953ರ ತಿಳಿವಳಿಕೆ. ಹುಡುಗಿ ಕೇಳಿದ್ದು ವಿಜ್ಞಾನದ ಇತಿಹಾಸವನ್ನು. ನಾನು ಕೊಟ್ಟದ್ದು ಅಂಕದ ಲೆಕ್ಕವನ್ನು. ಪುಸ್ತಕವನ್ನು ಪ್ರಶ್ನಿಸಿದ ಡೊನೊಹ್ಯೂ ಅವರನ್ನು ವಾಟ್ಸನ್ ನನ್ನಂತೆ ಕುಳ್ಳಿರಿಸಲಿಲ್ಲ.

ಅಮ್ಮಾ, ನೀನು ಇದನ್ನು ಓದುತ್ತಿದ್ದರೆ, ಇದೋ ನಿನ್ನ ಪ್ರಶ್ನೆಗೆ ಉತ್ತರ. ತಡವಾದುದಕ್ಕೆ ಕ್ಷಮೆಯಿರಲಿ.