ಗಾಳಿ ಕುಡಿದು ಬದುಕುವ ಗೋಸುಂಬೆ

ಬಣ್ಣ ಬದಲಿಸುವವರನ್ನು ನಾವು ಗೋಸುಂಬೆ ಅಂತ ಬೈಯುತ್ತೇವೆ. ಆದರೆ ಅದು ಏನು ತಿನ್ನುತ್ತೆ ಅಂತ ಯಾರಾದರೂ ಯೋಚಿಸಿದ್ದೀವಾ? ನಾನಂತೂ ಇಲ್ಲ. ಮೊನ್ನೆ ನ್ಯೂಜೆರ್ಸಿಯಿಂದ ಅಕ್ಕನ ಮಗ ಫೋನ್ ಮಾಡಿದ. ಅವನ ಮಗಳು ಸಾಕಿರುವ ಪುಟ್ಟ ಗೋಸುಂಬೆ ಕೊಂಬೆ ಹಿಡಿಯಲಾರದೆ ಬೀಳುತ್ತಿದೆಯಂತೆ. "ಮಾಮ, ಮೂಳೆ ಮೆತ್ತಗಾಗಿದೆ ಅಂದ್ರು ಡಾಕ್ಟ್ರು. ದಿನಾ ಹೊಟ್ಟೆ ತುಂಬ ಹುಳ ಹಾಕ್ತಿದ್ವಲ್ಲ!" ಅಂದ. ಬಿಕಾಂ ಓದಿದ ನನಗೆ ಇದೇನು ತಿಳಿಯುತ್ತೆ? ಆದರೂ ಓದಲು ಕೂತೆ.

ಒಂದನೇ ಶತಮಾನದಲ್ಲಿ ರೋಮಿನ ಪ್ಲಿನಿ, ಗೋಸುಂಬೆ ಏನನ್ನೂ ತಿನ್ನದೆ ಬರೀ ಗಾಳಿಯಿಂದಲೇ ಬದುಕುತ್ತದೆ ಎಂದು ಬರೆದ. ಜನ ಅದನ್ನು ಸಾವಿರದೈನೂರು ವರ್ಷ ನಂಬಿದರು. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ಕೂಡ ಇದನ್ನೇ ಇಟ್ಟುಕೊಂಡು ಕುಹಕವಾಡುತ್ತಾನೆ. 16ನೇ ಶತಮಾನದಲ್ಲಿ ಫ್ರಾನ್ಸಿನ ಪಿಯೆರ್ ಬೆಲೋನ್ ಗೋಸುಂಬೆಯ ಹೊಟ್ಟೆ ಸೀಳಿ ನೋಡಿದ. ಒಳಗಿದ್ದದ್ದು ನೊಣ, ಕಂಬಳಿಹುಳ, ದುಂಬಿ! ಇಂಗ್ಲೆಂಡಿನ ವೈದ್ಯ ಥಾಮಸ್ ಬ್ರೌನ್ 1646ರ ತನ್ನ ಪುಸ್ತಕದಲ್ಲಿ ಇದನ್ನೇ ಮುಂದಿಟ್ಟು, ಗಾಳಿಯೇ ಊಟವಾದರೆ ಜಠರ, ಕರುಳು ಯಾತಕ್ಕೆ ಎಂದು ವಾದಿಸಿದ.

ಬೆಲೋನ್ ಕಂಡದ್ದು ಒಂದೇ ಹುಳವಲ್ಲ, ಹಲವು ಬಗೆ. ನಂತರ ಸಾಕಿದವರು ಮರೆತದ್ದು ಇದನ್ನೇ.

ಸಾಕುವವರ ಪೇಟೆಯಲ್ಲಿ ಸುಲಭಕ್ಕೆ ಸಿಗುವುದು ಕ್ರಿಕೆಟ್ ಹುಳ (ಶಿವಾಜಿ ಪಾರ್ಕಿನ ಕ್ರಿಕೆಟ್ ಅಲ್ಲ, ರಾತ್ರಿ ಕಿರ್ ಅನ್ನುವುದು). ಅಮೆರಿಕದಲ್ಲಿ ಅದನ್ನು ಮೀನಿನ ಗಾಳಕ್ಕೂ ಬೆಳೆಸುತ್ತಿದ್ದರು. ಅದರ ಮೈಯಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಹೆಚ್ಚು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಜಮೆಗಿಂತ ಖರ್ಚು ಜಾಸ್ತಿ. ಕೊರತೆಯನ್ನು ಮೂಳೆಯ ಠೇವಣಿಯಿಂದ ತೆಗೆಯಬೇಕಾಗುತ್ತೆ. ನಮ್ಮ ಪುಟ್ಟ ಹುಡುಗಿಯ ಗೋಸುಂಬೆಗೆ ಆದದ್ದು ಇದೇ.

2009-10ರ ಸುಮಾರಿಗೆ ಉತ್ತರ ಅಮೆರಿಕದ ಕ್ರಿಕೆಟ್ ಫಾರಂಗಳಿಗೆ ಡೆನ್ಸೊವೈರಸ್ ಬಡಿಯಿತು. ಕೋಟಿಗಟ್ಟಲೆ ಹುಳ ಸತ್ತು, ಕೆಲವು ಫಾರಂ ಮುಚ್ಚಿಯೇ ಹೋದವು. ಒಂದೇ ಹುಳವನ್ನು ನಂಬಿ ಕೂತವರಿಗೆ ಆಗ ಬಿಸಿ ತಟ್ಟಿತು. ಇಂದು ತಿಳಿದವರು ಡುಬಿಯಾ ಜಿರಳೆ, ರೇಷ್ಮೆಹುಳ, ಕ್ಯಾಲ್ಸಿಯಂ ತಾನಾಗೇ ಹೆಚ್ಚಿರುವ ಬ್ಲ್ಯಾಕ್ ಸೋಲ್ಜರ್ ನೊಣದ ಮರಿ, ಹೀಗೆ ಬದಲಿಸಿ ಕೊಡುತ್ತಾರೆ. ಹುಳಕ್ಕೂ ಮೊದಲು ಸೊಪ್ಪು ತಿನ್ನಿಸಿ, ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸುತ್ತಾರೆ. ಹುಳದ ಗಾತ್ರ ಗೋಸುಂಬೆಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಮರಿಗಾದರೆ ಹಣ್ಣಿನ ನೊಣವೇ ಸಾಕು.

ಬಿಟ್ಟರೆ ಅದು ತಾನೇ ಆರಿಸಿ ತಿನ್ನುತ್ತೆ ಅನ್ನುವುದಕ್ಕೆ ಹವಾಯಿ ಸಾಕ್ಷಿ. 1972ರಲ್ಲಿ ಕೀನ್ಯಾದಿಂದ ತರಿಸಿದ ಜಾಕ್ಸನ್ ಗೋಸುಂಬೆಗಳು ಸೊರಗಿ ಬಂದವೆಂದು ಓಹು ದ್ವೀಪದ ಅಂಗಡಿಯವರೊಬ್ಬರು ಚೇತರಿಸಿಕೊಳ್ಳಲಿ ಅಂತ ತಮ್ಮ ತೋಟಕ್ಕೆ ಬಿಟ್ಟರು. ಅವು ಚೇತರಿಸಿಕೊಂಡವು, ಬೇಲಿಯನ್ನೂ ದಾಟಿದವು! ಈಗ ಅಲ್ಲಿನ ಅಪರೂಪದ ಬಸವನಹುಳುಗಳನ್ನೂ ತಿನ್ನುತ್ತವೆ. ದಯೆ ಒಳ್ಳೆಯದೇ, ಆದರೆ ತಿಳಿವಳಿಕೆಯಿಲ್ಲದ ದಯೆಗೆ ಬೆಲೆ ತೆರುವವರು ಬೇರೆಯವರು.

ಅಂದ ಹಾಗೆ ನಮ್ಮ ದೇಶದ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ. ಊರಿಗೆ ಹೋದಾಗ ಕಂಡರೆ ನೋಡಿ ಖುಷಿಪಡಿ, ಹಿಡಿದು ತರಬೇಡಿ.

ನಿನ್ನೆ ಮತ್ತೆ ಫೋನ್ ಬಂತು. ಕಾಲು ಇನ್ನೂ ಸೊಟ್ಟಗೇ ಇದೆಯಂತೆ, ಆದರೆ ಕೊಂಬೆ ಹಿಡಿಯುತ್ತಿದೆ. "ತಾತ, ಇವತ್ತು ರೇಷ್ಮೆಹುಳ ತಿಂತು!" ಅಂದಳು ಪುಟ್ಟಿ.