ಕಾಜದೊಳಗಿನ ಕ್ಯಾಮೆರಾ

ಕನ್ನಡಕದಲ್ಲಿ ಕ್ಯಾಮೆರಾ ಧರಿಸಿ ಬೀದಿಯಲ್ಲಿ ಓಡಾಡುವುದು ನಮ್ಮ ಕಾಲದ ಹೊಸ ತಂಟೆಯೆಂದು ನೀವು ಭಾವಿಸಿರಬಹುದು. ಈ ತಂಟೆಗೆ ನೂರಮೂವತ್ತು ವರ್ಷ ದಾಟಿದೆ.

1880ರ ದಶಕದಲ್ಲಿ ಸ್ಟಿರ್ನ್ ಎಂಬ ಜರ್ಮನ್ ತಯಾರಕರ ಒಂದು ಕ್ಯಾಮೆರಾ ಮಾರುಕಟ್ಟೆಗೆ ಬಂತು. ತಟ್ಟೆಯಂತೆ ದುಂಡಗಿನ ಅದನ್ನು ಕುತ್ತಿಗೆಯಿಂದ ತೂಗುಬಿಟ್ಟು ಮೇಲೆ ಕೋಟು ಹಾಕಿಕೊಂಡರೆ, ಗುಂಡಿಯ ಕಾಜದಿಂದ ಮಸೂರ ಮಾತ್ರ ಇಣುಕುತ್ತಿತ್ತು. ಒಂದು ಗಾಜಿನ ಫಲಕದಲ್ಲಿ ಆರು ಚಿತ್ರ. 1893ರಲ್ಲಿ ನಾರ್ವೆಯ ಕ್ರಿಸ್ಟಿಯಾನಿಯಾದಲ್ಲಿ, ಅಂದರೆ ಇಂದಿನ ಓಸ್ಲೊ ನಗರದಲ್ಲಿ, ಕಾರ್ಲ್ ಸ್ಟೋರ್ಮರ್ ಎಂಬ 19ರ ವಿದ್ಯಾರ್ಥಿ ಇದನ್ನು ತೊಟ್ಟು ಬೀದಿಗಿಳಿದ. ಎದುರಾದವರಿಗೆ ವಂದಿಸುವುದು, ಅವರು ನಗುತ್ತಾ ಪ್ರತಿವಂದಿಸುವಷ್ಟರಲ್ಲಿ ಜೇಬಿನೊಳಗಿನ ದಾರ ಎಳೆಯುವುದು. ಇಷ್ಟೇ ಅವನ ವಿಧಾನ. ಹೀಗೆ ಸುಮಾರು 500 ಚಿತ್ರಗಳಾದವು. ನಾಟಕಕಾರ ಇಬ್ಸನ್ ಕೂಡ ಸೆರೆಯಾದರು! ಮುಂದೆ ಇದೇ ಹುಡುಗ ಧ್ರುವಪ್ರಭೆಯ ಅಧ್ಯಯನದಿಂದ ದೊಡ್ಡ ವಿಜ್ಞಾನಿಯೆನಿಸಿದ. ಸ್ಟುಡಿಯೋದ ಬಿಗಿದ ಮುಖಗಳಿಗಿಂತ ಆ ಚಿತ್ರಗಳು ಜೀವಂತವಾಗಿವೆ, ನಿಜ. ಆದರೆ ವಂದನೆಯನ್ನೇ ಗಾಳವಾಗಿಸಿದ್ದು ಸರಿಯೇ?

1888ರಲ್ಲಿ ಬಂದ ಕೊಡಾಕ್ ಪೆಟ್ಟಿಗೆಯಾದರೂ ಕಣ್ಣಿಗೆ ಬೀಳುತ್ತಿತ್ತು. ಕಂಡವರು ಮುಖ ತಿರುಗಿಸಬಹುದಿತ್ತು. ಆದರೂ 1890ರಲ್ಲಿ ವಾರೆನ್ ಮತ್ತು ಬ್ರಾಂಡೈಸ್ ಎಂಬ ಅಮೆರಿಕದ ವಕೀಲರು ಖಾಸಗಿತನದ ಹಕ್ಕಿನ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ ಇಂಥ ದಿಢೀರ್ ಛಾಯಾಚಿತ್ರಗಳನ್ನೂ ದೂರಿದ್ದರು.

2013ರಲ್ಲಿ 1,500 ಡಾಲರಿನ ಗೂಗಲ್ ಗ್ಲಾಸ್ ಬಂದಾಗ ಅಮೆರಿಕದ ಕೆಲವು ಹೋಟೆಲು, ಬಾರುಗಳು ಅದನ್ನು ಧರಿಸಿದವರಿಗೆ ಬಾಗಿಲು ಮುಚ್ಚಿದವು. 2015ರ ಜನವರಿಯಲ್ಲಿ ಅದರ ಮಾರಾಟ ನಿಂತಿತು. ಅದರ ವಿಚಿತ್ರ ಆಕಾರವೇ ಎದುರಿನವರಿಗೆ ಎಚ್ಚರಿಕೆಯಾಗಿತ್ತು. 2023ರ ರೇ-ಬ್ಯಾನ್ ಮೆಟಾ ನೋಡಲು ಮಾಮೂಲಿ ಕನ್ನಡಕ. 2025ರಲ್ಲಿ ಭಾರತಕ್ಕೂ ಬಂತು. ಚಿತ್ರೀಕರಿಸುವಾಗ ಅದರ ಅಂಚಿನಲ್ಲೊಂದು ಪುಟ್ಟ ದೀಪ ಬೆಳಗುತ್ತದೆ. ಮಟಮಟ ಮಧ್ಯಾಹ್ನದ ಸಂತೆಯಲ್ಲಿ ಅದನ್ನು ಗಮನಿಸುವವರು ಯಾರು?

ನಮ್ಮ ಕಾನೂನನ್ನೂ ನೋಡಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದರು. ಸಾರ್ವಜನಿಕ ಸ್ಥಳಕ್ಕೆ ಬಂದ ಮಾತ್ರಕ್ಕೆ ಅದು ಕಳೆದುಹೋಗದು ಎಂಬ ಮಾತೂ ಆ ತೀರ್ಪಿನಲ್ಲಿದೆ. ಆದರೆ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮು ಶಿಕ್ಷೆ ವಿಧಿಸುವುದು ಹೆಣ್ಣೊಬ್ಬಳ ಖಾಸಗಿ ಕ್ರಿಯೆಯನ್ನು ಕದ್ದು ನೋಡುವವರಿಗೆ, ಸೆರೆಹಿಡಿಯುವವರಿಗೆ. ಮದುವೆಮನೆಯ ಹೆಂಗಸರ ಪಂಕ್ತಿಯಲ್ಲಿ ಯಾರಾದರೂ ಮೊಬೈಲ್ ಎತ್ತಿದರೆ ಹಿರಿಯರೊಬ್ಬರು "ಬೇಡಪ್ಪಾ, ಒಳಗಿಡು" ಎನ್ನುತ್ತಾರೆ. ಕನ್ನಡಕ ಹಾಕಿಕೊಂಡು ಬಡಿಸಲು ಬಂದ ಹುಡುಗನಿಗೆ ಅವರು ಏನೆಂದು ಹೇಳಬೇಕು?